ಆಳಿಲ್ಲವೆಂಬ ದೂರು, ಆಳಿಗಿಲ್ಲದ ದನಿ

ಮಲೆನಾಡಿನಲ್ಲಿ ಕಾಫಿ ಹಣ್ಣಾಗುವ, ಅಡಿಕೆ ಕೊನೆ ಇಳಿಸುವ ಕಾಲ ಬಂತೆಂದರೆ ಊರೂರಿನಲ್ಲಿ ಕೇಳಿಬರುವ ಮಾತು ಒಂದೇ: ಆಳು ಸಿಗುವುದಿಲ್ಲ. ಬೆಳೆಗಾರರ ಸಭೆಗಳಲ್ಲಿ, ಕೃಷಿ ಮೇಳಗಳ ವಿಚಾರ ಸಂಕಿರಣಗಳಲ್ಲಿ, ಪತ್ರಿಕೆಗಳ ಕೃಷಿ ಪುಟಗಳಲ್ಲಿ ಈ ದೂರು ಹಲವು ವರ್ಷಗಳಿಂದ ಕೇಳಿಬರುತ್ತಿದೆ. ಅದಕ್ಕೆ ಕಾರಣಗಳ ಪಟ್ಟಿಯೂ ಸಿದ್ಧವಾಗಿಯೇ ಇದೆ. ಪಡಿತರದ ಅಕ್ಕಿ, ಸರ್ಕಾರದ ಉದ್ಯೋಗ ಯೋಜನೆ, ಪೇಟೆಯ ಸೆಳೆತ, ಹುಡುಗರ ಸೋಮಾರಿತನ. ಈ ಪಟ್ಟಿಯಲ್ಲಿ ಎಂದೂ ಕಾಣಿಸಿಕೊಳ್ಳದ ಕಾರಣವೊಂದಿದೆ. ತನ್ನ ಕೂಲಿ, ತನ್ನ ಮನೆ, ತನ್ನ ದುಡಿಮೆಯ ಅಪಾಯ ಇವುಗಳನ್ನು ಕುರಿತು ಕುಳಿತು ಮಾತನಾಡುವ ಒಂದು ಜಾಗ ಬೆಟ್ಟದ ಕೂಲಿಕಾರನಿಗೆ ಇಲ್ಲ. ಮಾತಿಗೆ ಜಾಗವಿಲ್ಲದ ಕಡೆಯಿಂದ ಮನುಷ್ಯ ಎದ್ದು ಹೋಗುತ್ತಾನೆ. ಹಾಗೆ ಎದ್ದು ಹೋಗುವುದನ್ನೇ ತೋಟದ ಭಾಷೆಯಲ್ಲಿ ಆಳಿನ ಕೊರತೆ ಎನ್ನಲಾಗುತ್ತದೆ.

ಈ ಮೌನದಲ್ಲಿ ಪರಿಸರ ಚಳವಳಿಗೂ ಪಾಲಿದೆ. ಅಣೆಕಟ್ಟು, ಗಣಿ, ಹೆದ್ದಾರಿಗಳ ವಿರುದ್ಧ ದಶಕಗಳ ಕಾಲ ಹೋರಾಡಿದ ಗುಡ್ಡಗಾಡಿನ ಸಂಘಟನೆಗಳು ಸಿಂಗಳೀಕನ ಲೆಕ್ಕವನ್ನು, ಜಡ್ಡಿಯ ಮರಗಳ ಲೆಕ್ಕವನ್ನು ಶ್ರದ್ಧೆಯಿಂದ ಇಟ್ಟಿವೆ. ಅದೇ ಬೆಟ್ಟದ ತಪ್ಪಲಲ್ಲಿ ದಿನಗೂಲಿಗೆ ದುಡಿಯುವವರ ಲೆಕ್ಕವನ್ನು ಮಾತ್ರ ಕಾರ್ಮಿಕ ಇಲಾಖೆಗೆ ಬಿಟ್ಟುಕೊಟ್ಟಿವೆ. ಈ ಎರಡು ಲೆಕ್ಕಗಳನ್ನು ಬೇರ್ಪಡಿಸಲು ಸಾಧ್ಯವಿಲ್ಲವೆಂಬುದನ್ನು ಸಹ್ಯಾದ್ರಿಯ ಅನುಭವವೇ ತೋರಿಸಿಕೊಟ್ಟಿದೆ.

ಯಾರ ಸಹಕಾರ?

ಸಹಕಾರ ಎಂಬ ಪದ ಕನ್ನಡ ನಾಡಿಗೆ ಹೊಸದಲ್ಲ. ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಹುಟ್ಟಿದ್ದು 1905ರಲ್ಲಿ, ಗದಗದ ಬಳಿಯ ಕಣಗಿನಹಾಳದಲ್ಲಿ. ಶಿರಸಿಯ ತೋಟಗಾರ್ಸ್ ಸೇಲ್ ಸೊಸೈಟಿ 1923ರದು, ಶಿವಮೊಗ್ಗದ ಮ್ಯಾಮ್‌ಕೋಸ್ 1939ರದು, ಮಂಗಳೂರಿನ ಕ್ಯಾಂಪ್ಕೋ 1973ರದು. ಒಬ್ಬ ಬೆಳೆಗಾರ ವ್ಯಾಪಾರಿಯ ಎದುರು ಒಂಟಿಯಾಗಿ ನಿಂತರೆ ನ್ಯಾಯವಾದ ದರ ಸಿಗದು, ಹತ್ತು ಸಾವಿರ ಬೆಳೆಗಾರರು ಒಟ್ಟಾಗಿ ನಿಂತರೆ ದರಕ್ಕೊಂದು ನೆಲೆ ಸಿಗುತ್ತದೆ ಎಂಬ ಸರಳ ತಿಳಿವಳಿಕೆಯ ಮೇಲೆ ಈ ಸಂಸ್ಥೆಗಳು ನಿಂತಿವೆ. ಅವು ಅಡಿಕೆ ಬೆಳೆಗಾರನನ್ನು ದಲ್ಲಾಳಿಯ ಹಿಡಿತದಿಂದ ಬಹುಮಟ್ಟಿಗೆ ಬಿಡಿಸಿದವು. ಈ ಸಾಧನೆಯನ್ನು ಯಾರೂ ಅಲ್ಲಗಳೆಯಬೇಕಾಗಿಲ್ಲ.

ಆದರೆ ಇವೆಲ್ಲ ಬೆಳೆದವರ ಸಂಘಗಳು. ಮರ ಹತ್ತಿ ಕೊನೆ ಇಳಿಸುವವನು, ಮಳೆಯ ನಡುವೆ ಬೋರ್ಡೋ ದ್ರಾವಣ ಹೊಡೆಯುವವನು, ರಾತ್ರಿಯೆಲ್ಲ ಕುಳಿತು ಅಡಿಕೆ ಸುಲಿಯುವ ಹೆಂಗಸು ತಮ್ಮ ದುಡಿಮೆಯ ಬಲದಿಂದ ಇವುಗಳ ಸದಸ್ಯರಾಗಲಾರರು. ದರಕ್ಕಾಗಿ ಒಟ್ಟಾಗುವುದು ಬೆಳೆಗಾರನ ವಿವೇಕ ಎನಿಸಿಕೊಳ್ಳುತ್ತದೆ. ಕೂಲಿಗಾಗಿ ಒಟ್ಟಾದರೆ ಅದು ಊರಿಗೆ ರಾಜಕೀಯ ತಂದಂತೆ ಎನಿಸಿಕೊಳ್ಳುತ್ತದೆ. ಒಂದೇ ತತ್ತ್ವವನ್ನು ಬೇಲಿಯ ಒಳಗೊಂದು ರೀತಿ, ಹೊರಗೊಂದು ರೀತಿ ಅರ್ಥೈಸುವುದು ಯಾವ ನ್ಯಾಯ?

ಬೇಲಿ ದಾಟದ ಕಾನೂನು

ಕಾರ್ಮಿಕ ಸಂಘಗಳು ಬೆಟ್ಟದ ದುಡಿಮೆಗಾರರಿಗೆ ಏನನ್ನೂ ಕೊಟ್ಟಿಲ್ಲವೆಂಬುದು ಸುಳ್ಳು. ಚಹಾ, ಕಾಫಿ, ರಬ್ಬರ್ ತೋಟಗಳ ಕೆಲಸಗಾರರಿಗೆ ವಸತಿ, ಕುಡಿಯುವ ನೀರು, ವೈದ್ಯಕೀಯ ನೆರವು, ಕೂಸುಗಳನ್ನು ನೋಡಿಕೊಳ್ಳುವ ಶಿಶುಗೃಹ, ವಾರದ ರಜೆ ಇವುಗಳನ್ನು ಕೊಡುವುದು ಮಾಲೀಕನ ಹೊಣೆ ಎಂದು 1951ರ ತೋಟ ಕಾರ್ಮಿಕರ ಕಾಯಿದೆ ವಿಧಿಸಿತು. ಕಾಗದದಲ್ಲಿದ್ದ ಈ ಹಕ್ಕುಗಳು ಎಲ್ಲೆಲ್ಲಿ ಕೈಗೆ ಬಂದವೋ ಅಲ್ಲೆಲ್ಲ ಅದರ ಹಿಂದೆ ಸಂಘದ ಒತ್ತಡವಿತ್ತು. ಒಬ್ಬಂಟಿ ಕೂಲಿಕಾರನ ಅರ್ಜಿಗೆ ಹೆದರಿ ಶಿಶುಗೃಹ ಕಟ್ಟಿಸಿದ ತೋಟ ಯಾವುದೂ ಇರಲಾರದು.

ಆದರೆ ಆ ಕಾಯಿದೆಗೂ ಒಂದು ಬೇಲಿಯಿತ್ತು. 1981ರ ತಿದ್ದುಪಡಿಯ ನಂತರವೂ ಅದು ಅನ್ವಯಿಸಿದ್ದು 5 ಹೆಕ್ಟೇರ್ ಅಥವಾ ಅದಕ್ಕೂ ಹೆಚ್ಚು ವಿಸ್ತಾರವಿದ್ದು, 15 ಅಥವಾ ಹೆಚ್ಚು ಜನ ದುಡಿಯುವ ತೋಟಗಳಿಗೆ ಮಾತ್ರ. ಅಡಿಕೆ ಅದರ ಮೂಲ ಪಟ್ಟಿಯಲ್ಲೇ ಇರಲಿಲ್ಲ. ದೇಶದ ಕಾಫಿ ಹಿಡುವಳಿಗಳಲ್ಲಿ ಶೇ. 98ಕ್ಕೂ ಹೆಚ್ಚಿನವು 10 ಹೆಕ್ಟೇರ್‌ಗಿಂತ ಕಿರಿದಾದವು. ಅಂದರೆ ಮಲೆನಾಡಿನ ಕೂಲಿಕಾರರ ಬಹುದೊಡ್ಡ ಭಾಗ ಈ ರಕ್ಷಣೆಯ ಹೊರಗೇ ಉಳಿಯಿತು. ಇಂದು ಒಬ್ಬರ ತೋಟ, ನಾಳೆ ಇನ್ನೊಬ್ಬರದು, ನಾಡಿದ್ದು ಮೂರನೆಯವರದು ಎಂದು ಅಲೆಯುವ ಕೂಲಿಕಾರನಿಗೆ ಯಾವ ಮಾಲೀಕನ ಎದುರು ಬೇಡಿಕೆಯ ಪಟ್ಟಿ ಇಡಬೇಕೆಂಬುದೇ ತಿಳಿಯದು. ಸಾಂಪ್ರದಾಯಿಕ ಕಾರ್ಮಿಕ ಸಂಘ ಇಲ್ಲಿ ಬೇರೂರದಿರುವುದಕ್ಕೆ ಇದೇ ಮುಖ್ಯ ಕಾರಣ. ಕೂಲಿಕಾರರ ಅಜ್ಞಾನವನ್ನು ಕಾರಣವೆನ್ನುವವರು ಈ ಸರಳ ಸಂಗತಿಯನ್ನು ಮರೆಯುತ್ತಾರೆ.

ದೊಡ್ಡ ತೋಟದೊಳಗಿನ ಸ್ಥಿತಿಯೂ ಹಸನಾದದ್ದಲ್ಲ. ಲೈನ್ ಮನೆಯಲ್ಲಿ ಇರುವವನಿಗೆ ಕೆಲಸ ಮತ್ತು ಸೂರು ಎರಡೂ ಒಬ್ಬನೇ ಧಣಿಯ ಕೈಯಲ್ಲಿರುತ್ತವೆ. ಕೂಲಿಯ ಮಾತೆತ್ತಿದರೆ ಮನೆಯೂ ಹೋದೀತೆಂಬ ಭಯ ಅವನ ಬಾಯಿ ಕಟ್ಟುತ್ತದೆ. ಕೊಡಗಿನ ದಿಡ್ಡಳ್ಳಿಯಲ್ಲಿ 2016ರ ಡಿಸೆಂಬರ್‌ನಲ್ಲಿ ಐನೂರಕ್ಕೂ ಹೆಚ್ಚು ಆದಿವಾಸಿ ಕುಟುಂಬಗಳ ಗುಡಿಸಲುಗಳನ್ನು ಕೆಡವಿ ಒಕ್ಕಲೆಬ್ಬಿಸಿದಾಗ ನಾಡಿಗೆ ಕಂಡದ್ದು ಅರಣ್ಯ ಒತ್ತುವರಿಯ ಪ್ರಶ್ನೆ. ಆ ಕುಟುಂಬಗಳಲ್ಲಿ ಬಹುಪಾಲು ಕಾಫಿ ತೋಟಗಳ ಲೈನ್ ಮನೆಗಳಿಂದ ಹೊರಬಂದು ತಮ್ಮದೇ ಒಂದು ಸೂರನ್ನು ಅರಸಿದವು ಎಂಬ ಸತ್ಯ ಹಿಂದೆ ಸರಿಯಿತು. ಅದು ಕಾಡಿನ ಪ್ರಶ್ನೆಯಾಗಿದ್ದಷ್ಟೇ ಕೂಲಿಯ ಪ್ರಶ್ನೆಯೂ ಆಗಿತ್ತು.

ಕಣ್ಣೂರಿನ ಪಾಠ

ಕಾನೂನು ಮತ್ತು ಸಂಘ ಎರಡೂ ಗಟ್ಟಿಯಾಗಿದ್ದರೆ ಸಾಕೇ? ಸಾಲದು ಎಂಬುದಕ್ಕೆ ಕರ್ನಾಟಕದ ಕರಾವಳಿಗೂ ನಂಟಿರುವ ಒಂದು ಚರಿತ್ರೆ ಸಾಕ್ಷಿಯಾಗಿದೆ. ಬೀಡಿ ಕಟ್ಟುವವರ ದುಡಿಮೆಯ ಸ್ಥಿತಿಗತಿ ಸುಧಾರಿಸಲು ಕೇಂದ್ರ ಸರ್ಕಾರ 1966ರಲ್ಲಿ ಒಂದು ಕಾಯಿದೆ ತಂದಿತು. ಅದನ್ನು ಮನಸ್ಸಿಟ್ಟು ಜಾರಿಗೆ ತರಲು ಹೊರಟ ರಾಜ್ಯ ಕೇರಳ. 1968ರಲ್ಲಿ ಅಲ್ಲಿ ಕಾಯಿದೆ ಜಾರಿಯಾದಾಗ, ಉತ್ತರ ಕೇರಳದಲ್ಲಿ ದೊಡ್ಡ ಪ್ರಮಾಣದಲ್ಲಿ ಬೀಡಿ ಕಟ್ಟಿಸುತ್ತಿದ್ದ ಮಂಗಳೂರು ಗಣೇಶ ಬೀಡಿ ಸಂಸ್ಥೆ ಅಲ್ಲಿನ ತನ್ನ ವ್ಯವಹಾರವನ್ನೇ ಮುಚ್ಚಿತು. ಸುಮಾರು 12 ಸಾವಿರ ಕಾರ್ಮಿಕರು ಬೀದಿಗೆ ಬಿದ್ದರು. ಸಂಘ ಬಲವಾಗಿತ್ತು, ಕಾನೂನು ಅವರ ಪರವಾಗಿತ್ತು. ಆದರೆ ಕೆಲಸವೇ ಇರಲಿಲ್ಲ. ಗಡಿಯ ಈಚೆ, ದಕ್ಷಿಣ ಕನ್ನಡದ ಮನೆಮನೆಗಳಲ್ಲಿ, ಗುತ್ತಿಗೆದಾರನ ಮೂಲಕ ಎಲೆ ಮತ್ತು ಹೊಗೆಸೊಪ್ಪು ಪಡೆದು ಹೆಂಗಸರು ಸಾವಿರ ಬೀಡಿಗೆ ಇಷ್ಟೆಂಬ ಲೆಕ್ಕದಲ್ಲಿ ದುಡಿಯುವ ಪದ್ಧತಿ ಮುಂದುವರಿದೇ ಇತ್ತು.

ಕಣ್ಣೂರಿನ ಕಾರ್ಮಿಕ ಸಂಘಗಳು ಆಗ ಮಾಡಿದ್ದು ಗಮನಿಸಬೇಕಾದ ಕೆಲಸ. 1969ರ ಫೆಬ್ರವರಿ 15ರಂದು ರಾಜ್ಯ ಸರ್ಕಾರದ ನೆರವಿನೊಂದಿಗೆ ಕೇರಳ ದಿನೇಶ್ ಬೀಡಿ ಕಾರ್ಮಿಕರ ಸಹಕಾರಿ ಆರಂಭವಾಯಿತು. ಕೆಲವೇ ಸಾವಿರ ಜನರಿಂದ ತೊಡಗಿದ ಅದರ ಬಲ 1980ರ ದಶಕದಲ್ಲಿ 40 ಸಾವಿರ ದಾಟಿತು. ಭವಿಷ್ಯನಿಧಿ, ಬೋನಸ್, ರಜೆಯ ಸಂಬಳ, ಗ್ರಾಚ್ಯುಟಿಗಳು ಬೀಡಿ ಕಟ್ಟುವವರಿಗೂ ಸಿಕ್ಕವು. ಕೆಲಸ ನಡೆದದ್ದು ಮನೆಯ ಮೂಲೆಯಲ್ಲಲ್ಲ, ಸಹಕಾರಿಯ ಚಾವಡಿಗಳಲ್ಲಿ. ಅಲ್ಲಿ ಒಬ್ಬರು ಪತ್ರಿಕೆಯನ್ನು ಗಟ್ಟಿಯಾಗಿ ಓದುತ್ತಿದ್ದರು, ಉಳಿದವರು ಬೀಡಿ ಕಟ್ಟುತ್ತ ಕೇಳುತ್ತಿದ್ದರು. ಪ್ರಾಥಮಿಕ ಸಂಘಗಳ ನಿರ್ದೇಶಕರನ್ನು ಕಾರ್ಮಿಕರೇ ಆರಿಸಿದರು. ಎಲ್ಲಕ್ಕಿಂತ ಮುಖ್ಯವಾದುದೆಂದರೆ, ಸಹಕಾರಿ ಬಂದಿತೆಂದು ಕಾರ್ಮಿಕ ಸಂಘಗಳನ್ನು ಮುಚ್ಚಲಿಲ್ಲ. ಸಹಕಾರಿಯ ಒಳಗೂ ಸಂಘ ತನ್ನ ಕೆಲಸ ಮಾಡಿತು.

ಬೀಡಿ ಆರೋಗ್ಯಕ್ಕೆ ಹಾನಿಕರ. ಧೂಮಪಾನ ಇಳಿದಂತೆ, ಅಗ್ಗದ ಬೀಡಿಯ ಪೈಪೋಟಿ ಹೆಚ್ಚಿದಂತೆ ದಿನೇಶ್‌ನ ಕಾರ್ಮಿಕರ ಸಂಖ್ಯೆಯೂ ಬಹಳ ಕುಗ್ಗಿತು. ಆದರೆ 1990ರ ದಶಕದ ಕೊನೆಯಿಂದ ಆ ಸಂಸ್ಥೆ ಆಹಾರ ಪದಾರ್ಥ, ಕೊಡೆ, ಸಿದ್ಧ ಉಡುಪುಗಳತ್ತ ಹೊರಳಿತು. ಲಾಭ ಇಳಿದ ಕೂಡಲೇ ಬೀಗ ಜಡಿದು ಹೊರಡುವ ಮಾಲೀಕನಿಗೂ, ತನ್ನ ಸದಸ್ಯರಿಗೆ ಬೇರೆ ದುಡಿಮೆ ಹುಡುಕಬೇಕಾದ ಸಹಕಾರಿಗೂ ಇರುವ ವ್ಯತ್ಯಾಸ ಅಲ್ಲಿ ಕಾಣುತ್ತದೆ.

ಮುನ್ನಾರಿನ ಎಚ್ಚರಿಕೆ

ಒಡೆತನದ ಪತ್ರವೊಂದನ್ನು ಕೈಗಿತ್ತರೆ ಎಲ್ಲವೂ ಸರಿಹೋಗುತ್ತದೆಂದು ನಂಬುವವರು ಇದೇ ಸಹ್ಯಾದ್ರಿಯ ಮುನ್ನಾರನ್ನು ನೋಡಬೇಕು. 2005ರಲ್ಲಿ ಟಾಟಾ ಟೀ ಅಲ್ಲಿನ ತೋಟಗಳ ನೇರ ನಿರ್ವಹಣೆಯಿಂದ ಹಿಂದೆ ಸರಿದಾಗ ಕಣ್ಣನ್ ದೇವನ್ ಹಿಲ್ಸ್ ಪ್ಲಾಂಟೇಷನ್ಸ್ ಎಂಬ ಕಂಪನಿ ರೂಪುಗೊಂಡಿತು. ಅದರ ಷೇರುಗಳ ಬಹುಪಾಲು ಸುಮಾರು 12 ಸಾವಿರ ನೌಕರ-ಕಾರ್ಮಿಕರ ಹೆಸರಿಗೆ ಬಂದಿತು. ಅದು ಸಹಕಾರಿಯಾಗಿರಲಿಲ್ಲ. ಕಾರ್ಮಿಕರೇ ಷೇರುದಾರರಾದ ಕಂಪನಿಯಾಗಿತ್ತು. ಕೆಲಸಗಾರರೇ ಒಡೆಯರಾದ ಮಾದರಿ ಎಂದು ಅದನ್ನು ದೇಶ ಕೊಂಡಾಡಿತು.

ಹತ್ತು ವರ್ಷಗಳ ನಂತರ, 2015ರ ಸೆಪ್ಟೆಂಬರ್‌ನಲ್ಲಿ, ಆ ಒಡೆಯರೇ ಬೀದಿಗಿಳಿದರು. ಆ ವರ್ಷದ ಬೋನಸನ್ನು ಕಂಪನಿ ಶೇ. 10ಕ್ಕೆ ಇಳಿಸಿತ್ತು. ಎಲೆ ಕೀಳುವ ಸಾವಿರಾರು ಹೆಂಗಸರು, ಅವರಲ್ಲಿ ಹೆಚ್ಚಿನವರು ತಲೆಮಾರುಗಳಿಂದ ತೋಟದ ಸಾಲುಮನೆಗಳಲ್ಲಿ ಬದುಕಿದ ತಮಿಳು ದಲಿತರು, ಮುನ್ನಾರಿನ ಹೆದ್ದಾರಿಯಲ್ಲಿ ಕುಳಿತರು. ತಮ್ಮ ಒಗ್ಗಟ್ಟಿಗೆ ಪೆಂಬಿಳೈ ಒರುಮೈ, ಅಂದರೆ ಹೆಂಗಸರ ಒಗ್ಗಟ್ಟು, ಎಂದು ಹೆಸರಿಟ್ಟುಕೊಂಡರು. ಅವರು ಕಂಪನಿಯೊಂದನ್ನೇ ದೂರಲಿಲ್ಲ. ತಮ್ಮ ಹೆಸರಿನಲ್ಲಿ ದಶಕಗಳಿಂದ ಮಾತುಕತೆ ನಡೆಸಿದ ಎಲ್ಲ ಬಣ್ಣಗಳ ಕಾರ್ಮಿಕ ಸಂಘಗಳ ಗಂಡು ನಾಯಕರನ್ನೂ ಧರಣಿಯ ಜಾಗದಿಂದ ಆಚೆಗಟ್ಟಿದರು. ಒಂಬತ್ತು ದಿನಗಳ ಹೋರಾಟದ ಕೊನೆಗೆ ಶೇ. 8.33 ಬೋನಸ್, ಶೇ. 11.67 ವಿಶೇಷ ಪರಿಹಾರ, ಒಟ್ಟು ಶೇ. 20 ಸಿಕ್ಕಿತು. 232 ರೂಪಾಯಿ ಇದ್ದ ದಿನಗೂಲಿಯನ್ನು 500ಕ್ಕೆ ಏರಿಸಬೇಕೆಂಬ ಬೇಡಿಕೆ ಮುಂದುವರಿದು, ಅಕ್ಟೋಬರ್‌ನಲ್ಲಿ ಚಹಾ ಕಾರ್ಮಿಕರ ಕೂಲಿ 301 ರೂಪಾಯಿಗೆ ನಿಂತಿತು.

ಈ ಘಟನೆಯನ್ನು ಎರಡು ಬದಿಯವರೂ ತಮಗೆ ಬೇಕಾದಂತೆ ಓದಿದರು. ಕಾರ್ಮಿಕ ಸಂಘಗಳ ಕಾಲ ಮುಗಿಯಿತು ಎಂದರು ಕೆಲವರು. ಕಾರ್ಮಿಕರ ಒಡೆತನ ನಡೆಯದ ಮಾತು ಎಂದರು ಇನ್ನು ಕೆಲವರು. ನಿಜವಾದ ಪಾಠ ಬೇರೆಯದು. ಷೇರು ಪತ್ರ ಕೈಯಲ್ಲಿದ್ದೂ ಬೋನಸ್ ಎಷ್ಟೆಂದು ನಿರ್ಧರಿಸುವ ಕೋಣೆಯಲ್ಲಿ ಎಲೆ ಕೀಳುವವಳ ದನಿಗೆ ಬೆಲೆ ಇರಲಿಲ್ಲ. ಸಂಘದ ಚಂದಾ ಚೀಟಿ ಕೈಯಲ್ಲಿದ್ದೂ ಸಂಘದ ಮುಂದಾಳುಗಳಲ್ಲಿ ಅವಳಂಥವರು ಇರಲಿಲ್ಲ. ಅವಳು ಗೆದ್ದದ್ದು ಈ ಎರಡೂ ಕಡೆ ಕಸಿದುಕೊಂಡಿದ್ದ ಮಾತನ್ನು ಹೆದ್ದಾರಿಯಲ್ಲಿ ಹಿಂದಕ್ಕೆ ಪಡೆದಾಗ. ಆ ಒಗ್ಗಟ್ಟು ಮುಂದೆ ಒಡೆದು ದುರ್ಬಲವಾಯಿತೆಂಬುದೂ ಅಷ್ಟೇ ನಿಜ. ಒಂದು ಸಿಟ್ಟಿನಿಂದ ಹುಟ್ಟಿದ ದನಿಗೆ ನಿಲ್ಲಲು ಗಟ್ಟಿಯಾದ ಸಂಸ್ಥೆ ಬೇಕು.

ಬೆಟ್ಟಕ್ಕೂ ಕೂಲಿಗೂ ಏನು ಸಂಬಂಧ?

2020ರ ಆಗಸ್ಟ್ 6ರ ರಾತ್ರಿ ಮುನ್ನಾರಿನ ಬಳಿಯ ಪೆಟ್ಟಿಮುಡಿಯಲ್ಲಿ ಗುಡ್ಡ ಜರಿಯಿತು. ಕಾಣೆಯಾದವರೂ ಸೇರಿ 70 ಜನರನ್ನು ಮಣ್ಣು ನುಂಗಿತು. ಸತ್ತವರು ಚಹಾ ತೋಟದ ಸಾಲುಮನೆಗಳಲ್ಲಿ ಮಲಗಿದ್ದ ಕಾರ್ಮಿಕರು ಮತ್ತು ಅವರ ಮಕ್ಕಳು. ಮಲೆಯ ಕುಸಿತಕ್ಕೆ ಮಳೆ ಒಂದು ಕಾರಣ, ಇಳಿಜಾರಿನ ಬಳಕೆ ಇನ್ನೊಂದು ಕಾರಣ. ಆದರೆ ಸಾವು ಯಾರ ಮನೆಯ ಮೇಲೆ ಬೀಳಬೇಕೆಂಬುದನ್ನು ನಿರ್ಧರಿಸಿದ್ದು ಮಳೆಯಲ್ಲ. ಮನೆ ಎಲ್ಲಿರಬೇಕೆಂದು ಹೇಳುವ ಅಧಿಕಾರ ಅಲ್ಲಿ ಮಲಗುವವರಿಗೆ ಎಂದೂ ಇರಲಿಲ್ಲ.

ವಿಷದ ವಿಷಯದಲ್ಲೂ ಹೀಗೆಯೇ. ಎಂಡೋಸಲ್ಫಾನ್ ಕಾಸರಗೋಡಿನ ಗೇರು ತೋಟಗಳ ಮೇಲೆ, ಗಡಿಯ ಈಚೆ ಕೊಕ್ಕಡದ ಸುತ್ತಲಿನ ಗೇರು ತೋಟಗಳ ಮೇಲೆ ವರ್ಷಗಟ್ಟಲೆ ಸುರಿಯಿತು. ಸುಪ್ರೀಂ ಕೋರ್ಟಿನ ತಡೆ ಬಂದದ್ದು 2011ರ ಮೇ ತಿಂಗಳಲ್ಲಿ. ಸಿಂಪಡಣೆಯ ಡಬ್ಬಿ ಬೆನ್ನಿಗೇರಿಸುವವನು ವಿಷಕ್ಕೆ ಮೊದಲು ಒಡ್ಡಿಕೊಳ್ಳುವವನು. ಇದನ್ನು ಹೊಡೆಯಲಾರೆ ಎಂದು ಕೆಲಸ ಕಳೆದುಕೊಳ್ಳದೆ ಹೇಳುವ ಧೈರ್ಯ ಅವನಿಗೆ ಇದ್ದರೆ, ಕೆಳಗಿನ ಹಳ್ಳದ ನೀರಿಗೂ ಮೊದಲ ಕಾವಲುಗಾರ ಅವನೇ ಆಗುತ್ತಾನೆ.

ತೋಟದ ಬೇಸಾಯವೂ ಇದನ್ನೇ ಹೇಳುತ್ತದೆ. ಕಳೆಯನ್ನು ಕತ್ತಿಯಿಂದ ಸವರಿದರೆ ಬೇರು ಮಣ್ಣನ್ನು ಹಿಡಿದುಕೊಂಡಿರುತ್ತದೆ. ಆಳಿಲ್ಲವೆಂದು ಕಳೆನಾಶಕ ಹೊಡೆದರೆ ಇಳಿಜಾರು ಬೆತ್ತಲಾಗಿ ಮೊದಲ ಮಳೆಗೇ ಮೇಲ್ಮಣ್ಣು ಹಳ್ಳಕ್ಕೆ ಇಳಿಯುತ್ತದೆ. ಅರೇಬಿಕಾದ ಬಿಳಿ ಕಾಂಡಕೊರಕ ಹಿಡಿದ ಗಿಡವನ್ನು ಗುರುತಿಸಿ ಕಿತ್ತು ಸುಡುವುದು, ನೆಲಕ್ಕೆ ಉದುರಿದ ಹಣ್ಣನ್ನು ಆಯ್ದು ಕಾಯಿಕೊರಕದ ಸಂತಾನ ತಡೆಯುವುದು, ಮಳೆಗೆ ಮುನ್ನ ಹದವರಿತು ಮರಗಸಿ ಮಾಡುವುದು, ಇವೆಲ್ಲ ನುರಿತ ಕಣ್ಣು ಮತ್ತು ನುರಿತ ಕೈ ಬೇಡುವ ಕೆಲಸಗಳು. ಆ ಕೈಯನ್ನು ಕೂಲಿ ಎಂದು ಕರೆದು ಕಡಿಮೆ ಕೊಟ್ಟು ಕಳೆದುಕೊಂಡ ತೋಟ, ಅದರ ಜಾಗಕ್ಕೆ ತರುವುದು ವಿಷದ ಡಬ್ಬಿಯನ್ನು.

ಆಕ್ಷೇಪಗಳು

ಸಣ್ಣ ಬೆಳೆಗಾರನೇ ಸಾಲದಲ್ಲಿರುವಾಗ ಕೂಲಿ ಏರಿಸುವುದು ಹೇಗೆ ಎಂಬ ಪ್ರಶ್ನೆ ಪೊಳ್ಳಲ್ಲ. ಆದರೆ ಅದು ಅರ್ಧ ಪ್ರಶ್ನೆ. ಬೆಲೆ ಕುಸಿದಾಗ ಕೂಲಿ ಏರಿಸಲಾಗದು ಎಂಬ ತರ್ಕ ನಿಜವಾದರೆ, 2024-25ರಲ್ಲಿ ಕಾಫಿಯ ಬೆಲೆ ದಾಖಲೆ ಮಟ್ಟಕ್ಕೆ ಏರಿದಾಗ ಅದೇ ತರ್ಕದಂತೆ ಕೂಲಿಯೂ ಏರಬೇಕಿತ್ತು. ಆ ಲೆಕ್ಕವನ್ನು ಕೇಳಲು ಎದುರಿಗೆ ಸಂಘಟಿತರಾದ ಯಾರೂ ಇಲ್ಲದಿದ್ದರೆ, ಇಳಿಕೆಯ ಭಾರ ಮಾತ್ರ ಕೂಲಿಕಾರನಿಗೆ ಇಳಿಯುತ್ತದೆ, ಏರಿಕೆಯ ಪಾಲು ಅವನನ್ನು ತಲುಪುವುದಿಲ್ಲ. ಇನ್ನು ಮೇಸ್ತ್ರಿಯ ಕೈಗೆ ಹೋಗುವ ಪಾಲು ಬೆಳೆಗಾರನಿಗೂ ಉಳಿಯದು, ಕೂಲಿಕಾರನಿಗೂ ಸೇರದು. ಅದರ ಬಗ್ಗೆ ಬೆಳೆಗಾರರ ಸಭೆಗಳು ಏಕೆ ಮೌನ?

ಸಹಕಾರ ಸಂಘಗಳು ಪುಢಾರಿಗಳ ಪಾಲಾಗುತ್ತವೆಂಬುದು ಎರಡನೆಯ ಆಕ್ಷೇಪ. ಹಲವು ಪಾಲಾಗಿವೆ. ಅದಕ್ಕೆ ಮದ್ದು ಸಹಕಾರವನ್ನು ಬಿಡುವುದಲ್ಲ, ದುಡಿಯದವನಿಗೆ ಅಲ್ಲಿ ಮತ ಕೊಡದಿರುವುದು. ವಡಗರದ ಬಳಿಯ ಊರಾಳುಂಗಲ್‌ನಲ್ಲಿ ವಾಗ್ಭಟಾನಂದ ಗುರುಗಳ ಪ್ರೇರಣೆಯಿಂದ 1925ರಲ್ಲಿ 14 ಜನ ಕೆಲಸಗಾರರು ಕಟ್ಟಿದ ಕೂಲಿ ಗುತ್ತಿಗೆ ಸಹಕಾರಿ ನೂರು ವರ್ಷ ಬಾಳಿ, ಕರ್ನಾಟಕದ ಗಡಿಯ ತಲಪಾಡಿಯಿಂದ ಚೆಂಗಳದವರೆಗಿನ ರಾಷ್ಟ್ರೀಯ ಹೆದ್ದಾರಿಯ ಕಾಮಗಾರಿಯನ್ನು ಕೈಗೆತ್ತಿಕೊಳ್ಳುವಷ್ಟು ಬೆಳೆಯಿತು. ಹೆದ್ದಾರಿಗಾಗಿ ಗುಡ್ಡ ಕಡಿಯುವುದು ಸಹಕಾರಿಯ ಕೈಯಿಂದಾದರೂ ಗುಡ್ಡ ಕಡಿಯುವುದೇ. ಆ ಪ್ರಶ್ನೆ ಬೇರೆ. ಆದರೆ ಕೂಲಿಕಾರರು ಒಂದು ಸಂಸ್ಥೆಯನ್ನು ನಡೆಸಲಾರರು ಎಂಬ ಮಾತಿಗೆ ಅದು ನೂರು ವರ್ಷಗಳ ಉತ್ತರ.

ಏನು ಮಾಡಬೇಕು?

ದೊಡ್ಡ ತೋಟಗಳಲ್ಲಿ ದಾರಿ ಸ್ಪಷ್ಟವಾಗಿದೆ. ದುಡಿಯುವವರೇ, ಅದರಲ್ಲೂ ಹೆಂಗಸರೇ, ಮುಂದೆ ನಿಲ್ಲುವ ಕಾರ್ಮಿಕ ಸಂಘ ಅಲ್ಲಿ ಬೇಕು. ಚಿಕ್ಕ ಹಿಡುವಳಿಗಳ ಊರುಗಳಲ್ಲಿ ಬೇಕಾದದ್ದು ಕೂಲಿಕಾರರದೇ ಸಹಕಾರಿ. ಒಂದು ಗ್ರಾಮ ಪಂಚಾಯಿತಿಯ ವ್ಯಾಪ್ತಿಯಲ್ಲಿ ಕೊನೆ ಇಳಿಸುವವರು, ಔಷಧಿ ಹೊಡೆಯುವವರು, ಮರಗಸಿಯವರು, ಹಣ್ಣು ಕೀಳುವವರು ಸೇರಿ ಒಂದು ಸಂಘ ಕಟ್ಟಿದರೆ, ಕೂಲಿಯ ದರ ಸಂಘದ ಹೆಸರಿನಲ್ಲಿ ನಿಶ್ಚಯವಾಗುತ್ತದೆ. ಯಾವ ತೋಟಕ್ಕೆ ಯಾವ ದಿನ ಎಂಬ ಸರದಿ ಸಂಘದ ಕೈಯಲ್ಲಿರುತ್ತದೆ. ಅಡಿಕೆ, ಕಾಫಿ, ಮೆಣಸು ಒಂದರ ಹಿಂದೊಂದು ಬರುವುದರಿಂದ ವರ್ಷದ ಹೆಚ್ಚು ದಿನ ಕೆಲಸ ಸಿಗುತ್ತದೆ. ಬೆಳೆಗಾರನಿಗೂ ಹೊತ್ತಿಗೆ ಸರಿಯಾಗಿ ನುರಿತ ಆಳು ಸಿಗುತ್ತದೆ. ಮರದಿಂದ ಬಿದ್ದು ಸೊಂಟ ಮುರಿದವನ ಚಿಕಿತ್ಸೆ ಧಣಿಯ ದಯೆಯಾಗದೆ ವಿಮೆಯ ಹಕ್ಕಾಗುತ್ತದೆ. ಯಾವ ವಿಷವನ್ನು ಹೊಡೆಯುವುದಿಲ್ಲ ಎಂಬುದನ್ನೂ ಸಂಘವೇ ಸಾರಬಹುದು. ಇದಕ್ಕೆ 1959ರ ಸಹಕಾರ ಸಂಘಗಳ ಕಾಯಿದೆಯೂ 1997ರ ಸೌಹಾರ್ದ ಸಹಕಾರಿ ಕಾಯಿದೆಯೂ ಕರ್ನಾಟಕದಲ್ಲಿ ಇವೆ.

ಮೂರು ನಿಯಮಗಳನ್ನು ಮಾತ್ರ ಸಡಿಲಿಸಬಾರದು. ಕೈಯಾರೆ ದುಡಿಯುವವರಿಗಷ್ಟೇ ಸದಸ್ಯತ್ವ ಮತ್ತು ಆಡಳಿತ. ಅಸ್ಸಾಂ, ಜಾರ್ಖಂಡ್, ಪಶ್ಚಿಮ ಬಂಗಾಳದಿಂದ ಬಂದ ಕೆಲಸಗಾರರಿಗೂ ಸಮಾನ ಸದಸ್ಯತ್ವ, ಏಕೆಂದರೆ ಅವರನ್ನು ಹೊರಗಿಟ್ಟರೆ ಅವರ ಅಗ್ಗದ ಕೂಲಿಯೇ ಸಂಘವನ್ನು ಮುರಿಯುತ್ತದೆ. ಹೆಂಗಸಿಗೂ ಗಂಡಿಗೂ ಒಂದೇ ಕೆಲಸಕ್ಕೆ ಒಂದೇ ಕೂಲಿ.

ಇದು ತುರ್ತಿನ ಮಾತು ಕೂಡ. 2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. 1951ರ ತೋಟ ಕಾರ್ಮಿಕರ ಕಾಯಿದೆ ಅವುಗಳಲ್ಲೊಂದರಲ್ಲಿ ಕರಗಿಹೋಯಿತು. ಕೈಗಾರಿಕಾ ಸಂಬಂಧಗಳ ಸಂಹಿತೆಯ ಪ್ರಕಾರ ಯಾವುದೇ ಕೈಗಾರಿಕಾ ಸಂಸ್ಥೆಯ ಕಾರ್ಮಿಕರು ಮುಷ್ಕರಕ್ಕೆ ಮುನ್ನ ನೋಟಿಸು ಕೊಟ್ಟು 14 ದಿನ ಕಾಯಬೇಕು. ಮುನ್ನಾರಿನ ಹೆಂಗಸರು 2015ರಲ್ಲಿ ಎದ್ದಂತೆ ಇನ್ನು ಮುಂದೆ ಏಳುವುದು ಕಾನೂನುಬಾಹಿರವೆನಿಸುತ್ತದೆ. ತಟ್ಟನೆ ಎದ್ದು ನಿಲ್ಲುವ ಸಿಟ್ಟಿಗೆ ದಾರಿ ಕಿರಿದಾದಷ್ಟೂ, ಮುಂಚಿತವಾಗಿ ಕಟ್ಟಿಕೊಂಡ ಸಂಘಟನೆಯ ಅಗತ್ಯ ಹೆಚ್ಚುತ್ತದೆ.

ಗುಡ್ಡಗಾಡಿನ ಹಳ್ಳಿಗಳ ಯುವಕ ಯುವತಿಯರು, ಕಾಲೇಜಿನ ಪರಿಸರ ಸಂಘಗಳ ವಿದ್ಯಾರ್ಥಿಗಳು ಮುಂದಿನ ಸುಗ್ಗಿಯ ಹೊತ್ತಿಗೆ ತಮ್ಮ ಪಂಚಾಯಿತಿಯಲ್ಲಿ ಒಂದು ಕೆಲಸ ಮಾಡಬಹುದು. ಯಾವ ಕೆಲಸಕ್ಕೆ ಎಷ್ಟು ಕೂಲಿ, ಹೆಂಗಸಿಗೆಷ್ಟು, ಗಂಡಿಗೆಷ್ಟು, ಮೇಸ್ತ್ರಿಗೆಷ್ಟು, ಕಳೆದ ಐದು ವರ್ಷಗಳಲ್ಲಿ ಮರದಿಂದ ಬಿದ್ದವರು ಎಷ್ಟು, ಲೈನ್ ಮನೆಗಳು ಎಂಥ ಇಳಿಜಾರಿನಲ್ಲಿವೆ ಎಂಬುದನ್ನು ಬರೆದಿಡಲಿ. ಹಕ್ಕಿಗಳ ಗಣತಿಗೆ ತೋರುವ ಶ್ರದ್ಧೆಯನ್ನು ಇದಕ್ಕೂ ತೋರಲಿ. ಆ ಪಟ್ಟಿಯನ್ನು ಮೊದಲು ಓದಿ ಹೇಳಬೇಕಾದದ್ದು ತಹಶೀಲ್ದಾರರ ಮುಂದಲ್ಲ, ಕೂಲಿಕಾರರ ಮುಂದೆ. ಸಂಘ ಕಟ್ಟಬೇಕೇ, ಎಂಥದನ್ನು ಕಟ್ಟಬೇಕು ಎಂಬುದನ್ನು ಅವರೇ ತೀರ್ಮಾನಿಸಲಿ.